ಪಾತ್ರ ಏನನ್ನು ಆರಿಸಿಕೊಂಡಿತು, ಅದಕ್ಕೆ ಏನು ತೆತ್ತಿತು: ಕಾದಂಬರಿ, ಸಿನಿಮಾ ವಿಶ್ಲೇಷಿಸುವ ಕ್ರಮ

"ಪ್ರಾಣೇಶಾಚಾರ್ಯರು ಸಾತ್ವಿಕರು, ನಾರಣಪ್ಪ ದಾರಿ ತಪ್ಪಿದವನು, ಕಾದಂಬರಿಯ ವಸ್ತು ಜಾತಿ ವ್ಯವಸ್ಥೆ." ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ (1965) ಮೇಲೆ ಬರೆಯಲು ಕೂತವರ ಮೊದಲ ಸಾಲು ಹೆಚ್ಚುಕಡಿಮೆ ಹೀಗಿರುತ್ತದೆ. ಇದು ಪೂರ್ತಿ ಸುಳ್ಳಲ್ಲ. ಆದರೆ ಕಾದಂಬರಿಯನ್ನು ಓದದೆಯೂ ಈ ಸಾಲು ಬರೆಯಬಹುದು, ತೊಂದರೆ ಇರುವುದು ಅಲ್ಲಿ. ಸಾತ್ವಿಕ, ಮುಗ್ಧ, ಹಠಮಾರಿ ಎನ್ನುವಂಥ ವಿಶೇಷಣಗಳನ್ನು ಹಚ್ಚಿದ ಕೂಡಲೇ ಪಾತ್ರದ ಬಗ್ಗೆ ಯೋಚಿಸುವುದು ನಿಂತುಹೋಗುತ್ತದೆ.

ಇಲ್ಲಿ ಹೇಳುವ ಕ್ರಮ ಗುಣಗಳಿಂದ ಶುರುವಾಗುವುದಿಲ್ಲ. ಪಾತ್ರ ಮಾಡಿದ ಆಯ್ಕೆಗಳನ್ನು ಮೊದಲು ಪಟ್ಟಿ ಮಾಡುತ್ತೇವೆ. ಆ ಒಂದೊಂದು ಆಯ್ಕೆಗೂ ಕೃತಿ ಏನು ಬೆಲೆ ತೆರಿಸುತ್ತದೆ ಎಂದು ನೋಡುತ್ತೇವೆ. ವಸ್ತು, ಅಂದರೆ ಕೃತಿ ತನ್ನ ವಿಷಯದ ಬಗ್ಗೆ ಹೇಳುವ ಮಾತು, ಸಿಗುವುದು ಆ ಲೆಕ್ಕದಲ್ಲಿ. ಕೃತಿಗಳ ಕೊನೆ ಏನೆಂದು ಮುಂದೆ ಬಿಡಿಸಿಯೇ ಹೇಳಿದೆ. ಕೊನೆಯನ್ನು ಮುಚ್ಚಿಟ್ಟು ವಿಶ್ಲೇಷಣೆ ಮಾಡಲು ಬರುವುದಿಲ್ಲ.

ಮೊದಲ ಓದು ಸುಮ್ಮನೆ, ಎರಡನೆಯದು ನೋಟ್‌ಬುಕ್ ಹಿಡಿದು

ಮೊದಲ ಸಲ ನಿಲ್ಲದೆ ಓದಿ. ಕೈಯಲ್ಲಿ ಪೆನ್ಸಿಲ್ ಇದ್ದರೆ ಅಂಚಿನಲ್ಲಿ ಒಂದು ಚುಕ್ಕೆ ಮಾತ್ರ: ಎಲ್ಲಿ ಬೆಚ್ಚಿದಿರಿ, ಎಲ್ಲಿ ಸಿಟ್ಟು ಬಂತು, ಎಲ್ಲಿ ಬೇಸರವಾಯಿತು. ಯಾಕೆ ಎಂದು ಬರೆಯುವುದು ಬೇಡ. ಸಿನಿಮಾ ಆದರೆ ಒಂದೇ ಸಲ ಕೂತು, ನಡುವೆ ನಿಲ್ಲಿಸದೆ, ಫೋನ್ ಆಚೆ ಇಟ್ಟು ನೋಡಿ. ಮುಗಿದ ಮೇಲೆ ಹತ್ತು ಸಾಲಿನಲ್ಲಿ ಕಥೆಯನ್ನು ನೆನಪಿನಿಂದ ಬರೆದಿಡಿ. ಎರಡನೇ ಓದಿನಲ್ಲಿ ಇದನ್ನು ಹೋಲಿಸಿದಾಗ ಮರೆತದ್ದು, ತಪ್ಪಾಗಿ ನೆನಪಿಟ್ಟದ್ದು ಕಣ್ಣಿಗೆ ಬೀಳುತ್ತದೆ. ಬಹಳ ಸಲ ಕೃತಿಯ ಮುಖ್ಯ ಗಂಟು ನಾವು ಮರೆತ ಜಾಗದಲ್ಲೇ ಇರುತ್ತದೆ.

ಎರಡನೇ ಓದಿಗೆ ನೋಟ್‌ಬುಕ್ಕಿನ ಹಾಳೆಯನ್ನು ಮೂರು ಕಾಲಂ ಮಾಡಿ. ಮೊದಲನೆಯದರಲ್ಲಿ ಪುಟ (ಸಿನಿಮಾಗೆ ಗಂಟೆ, ನಿಮಿಷ), ಎರಡನೆಯದರಲ್ಲಿ ನಡೆದದ್ದು, ಮೂರನೆಯದರಲ್ಲಿ ನಿಮಗೆ ಅನ್ನಿಸಿದ್ದು. ಎರಡು ಮತ್ತು ಮೂರು ಬೆರೆಯಬಾರದು. "ಅವನು ಸಿಟ್ಟಿನಿಂದ ಬಾಗಿಲು ಹಾಕಿದ" ಎಂದು ಒಂದೇ ಕಡೆ ಬರೆದರೆ ಆಮೇಲೆ ಸಿಟ್ಟು ಕೃತಿಯದೋ ನಿಮ್ಮದೋ ತಿಳಿಯುವುದಿಲ್ಲ. ಬಾಗಿಲು ಹಾಕಿದ್ದು ಎರಡನೇ ಕಾಲಂ, ಸಿಟ್ಟು ಮೂರನೇ ಕಾಲಂ. ಪುಟದ ಜೊತೆ ಅಧ್ಯಾಯದ ಸಂಖ್ಯೆಯನ್ನೂ ಹಾಕಿ, ಮುದ್ರಣ ಬದಲಾದರೆ ಪುಟ ಬದಲಾಗುತ್ತದೆ. 150 ಪುಟದ ಕಾದಂಬರಿಗೆ 40ರಿಂದ 60 ಟಿಪ್ಪಣಿ ಸಾಕು. ಇನ್ನೂರು ದಾಟಿದರೆ ನೀವು ಪುಸ್ತಕವನ್ನು ನಕಲು ಮಾಡುತ್ತಿದ್ದೀರಿ ಎಂದರ್ಥ.

ಆಯ್ಕೆಗಳ ಪಟ್ಟಿ

ಈಗ ಮುಖ್ಯ ಪಾತ್ರ ಬೇರೆ ದಾರಿ ಹಿಡಿಯಬಹುದಾಗಿದ್ದ ಸಂದರ್ಭಗಳನ್ನಷ್ಟೇ ಹೆಕ್ಕಿ. ಎಂಟರಿಂದ ಹತ್ತು ಸಿಗುತ್ತವೆ. ಪಾತ್ರಕ್ಕೆ ಬಂದೊದಗಿದ್ದು ಬೇರೆ, ಪಾತ್ರ ಮಾಡಿದ್ದು ಬೇರೆ. ‘ಸಂಸ್ಕಾರ’ದಲ್ಲಿ ಆಚಾರ ಮುರಿದು ಬದುಕಿದ ನಾರಣಪ್ಪ ಸಾಯುತ್ತಾನೆ, ಅವನ ಹೆಣವನ್ನು ಯಾರು ಸುಡಬೇಕೆಂದು ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ತೀರ್ಮಾನಿಸಬೇಕು. ಪ್ಲೇಗು ಬಂದದ್ದು ಆಯ್ಕೆಯಲ್ಲ, ಪ್ಲೇಗಿನ ನಡುವೆ ಹೆಣವನ್ನು ಕಾಯಿಸಿದ್ದು ಆಯ್ಕೆ. ಪ್ರಾಣೇಶಾಚಾರ್ಯರ ಪಟ್ಟಿ ಸುಮಾರು ಹೀಗಾಗುತ್ತದೆ:

1. ರೋಗಿಷ್ಠೆ ಎಂದು ಗೊತ್ತಿದ್ದೂ ಭಾಗೀರಥಿಯನ್ನು ಮದುವೆಯಾದದ್ದು.
2. ನಾರಣಪ್ಪನಿಗೆ ಬಹಿಷ್ಕಾರ ಹಾಕದೆ ಬಿಟ್ಟದ್ದು.
3. ಅವನ ಶವಸಂಸ್ಕಾರ ಯಾರು ಮಾಡಬೇಕೆಂಬುದಕ್ಕೆ ಗ್ರಂಥಗಳಲ್ಲಿ ಉತ್ತರ ಹುಡುಕಿದ್ದು.
4. ಅಲ್ಲಿ ಸಿಗದಿದ್ದಾಗ ಮಾರುತಿಯ ಮೇಲೆ ಭಾರ ಹಾಕಿದ್ದು.
5. ಕತ್ತಲಲ್ಲಿ ನಾರಣಪ್ಪನ ಜೊತೆಗಾತಿ ಚಂದ್ರಿಯ ಜೊತೆ ಸೇರಿದ್ದು.
6. ಹೆಂಡತಿಯ ದಹನವಾದ ಮೇಲೆ ಅಗ್ರಹಾರಕ್ಕೆ ಮರಳದೆ ನಡೆದುಬಿಟ್ಟದ್ದು.
7. ಸೂತಕದಲ್ಲೇ ಜಾತ್ರೆಯ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂತದ್ದು.
8. ಊರಿಗೆ ವಾಪಸು ಹೊರಟದ್ದು.

ಪಟ್ಟಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ. ಮೊದಲ ನಾಲ್ಕರಲ್ಲೂ ಆಚಾರ್ಯರು ನಿರ್ಧಾರವನ್ನು ಬೇರೆ ಯಾವುದಕ್ಕೋ ಒಪ್ಪಿಸುತ್ತಾರೆ: ಧರ್ಮಕ್ಕೆ, ತಪಸ್ಸಿಗೆ, ಗ್ರಂಥಕ್ಕೆ, ದೇವರಿಗೆ. ಐದನೆಯದು ಆಯ್ಕೆಯೇ ಅಥವಾ ಆಗಿಹೋದದ್ದೇ? ಈ ಪ್ರಶ್ನೆಯನ್ನು ವಿಮರ್ಶಕರಿಗಿಂತ ಮೊದಲು ಪಾತ್ರವೇ ಕೇಳಿಕೊಂಡು ಒದ್ದಾಡುತ್ತದೆ. ಆರರಿಂದ ಎಂಟು ಅವರವೇ. ‘ಸಾತ್ವಿಕ’ ಎಂಬ ವಿಶೇಷಣ ಹಿಡಿದು ಹೊರಟಿದ್ದರೆ ಈ ವಿಂಗಡಣೆ ಕಾಣುತ್ತಲೇ ಇರಲಿಲ್ಲ.

ಪಟ್ಟಿಯ ಪಕ್ಕದಲ್ಲೇ ಬೆಲೆಯನ್ನೂ ಬರೆಯಿರಿ. ಯಾರು ತೆತ್ತರು ಎಂಬುದು ಮುಖ್ಯ, ಏಕೆಂದರೆ ಆರಿಸಿದವರೇ ತೆರುತ್ತಾರೆ ಎಂದೇನೂ ಇಲ್ಲ. ಮೂರನೇ ಆಯ್ಕೆಯ ಬೆಲೆ ಇಡೀ ಅಗ್ರಹಾರದ್ದು: ಹೆಣ ಮನೆಯಲ್ಲಿದ್ದಷ್ಟು ಹೊತ್ತು ಯಾರೂ ಉಣ್ಣುವಂತಿಲ್ಲ.

ಒಂದು ಪುಟವನ್ನು ಹತ್ತಿರದಿಂದ

ಪಟ್ಟಿ ಎಷ್ಟು ಚೆನ್ನಾಗಿದ್ದರೂ ಕನಿಷ್ಠ ಎರಡು ಕಡೆ ಪಠ್ಯಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಬೇಕು. ಮೊದಲ ಪುಟ ಮತ್ತು ಕೊನೆಯ ಪುಟ ಇದಕ್ಕೆ ಸುರಕ್ಷಿತ. ‘ಸಂಸ್ಕಾರ’ ಶುರುವಾಗುವುದು ಹೆಂಡತಿಯ ಆರೈಕೆಯಿಂದ. ಆಚಾರ್ಯರು ಭಾಗೀರಥಿಗೆ ಸ್ನಾನ ಮಾಡಿಸುತ್ತಾರೆ, ಮಡಿ ಉಡಿಸುತ್ತಾರೆ, ಪೂಜೆ ಮುಗಿಸಿ ಪ್ರಸಾದದ ಹೂ ಮುಡಿಸಿ ತೀರ್ಥ ಕೊಡುತ್ತಾರೆ, ಆಮೇಲೆ ಗಂಜಿ. ಅವಳು ನೀವು ಮೊದಲು ಊಟ ಮಾಡಿ ಎನ್ನುತ್ತಾಳೆ, ಇವರು ಮೊದಲು ನಿನ್ನ ಗಂಜಿಯಾಗಲಿ ಎನ್ನುತ್ತಾರೆ.

ಮೊದಲ ಓದಿನಲ್ಲಿ ಇದು ಅನ್ಯೋನ್ಯ ದಾಂಪತ್ಯ. ಎರಡನೇ ಓದಿನಲ್ಲಿ ಮೂರು ಸಂಗತಿ ಎದ್ದು ನಿಲ್ಲುತ್ತವೆ. ಒಂದು, ಇದು ಇಪ್ಪತ್ತು ವರ್ಷದ ವಾಡಿಕೆ. ಆ ಮಾತುಗಳೂ ಪೂಜೆಯ ಮಂತ್ರದ ಹಾಗೆ ನಿತ್ಯ ಹೇಳುವಂಥವು. ಎರಡು, ಆರೈಕೆ ಮತ್ತು ಪೂಜೆ ಒಂದೇ ಸರಣಿಯಲ್ಲಿ ಬರುತ್ತವೆ, ಹೆಂಡತಿ ನಿತ್ಯಕರ್ಮದ ಒಂದು ಭಾಗವಾಗಿದ್ದಾಳೆ. ಮೂರು, ಈ ತ್ಯಾಗ ತನ್ನ ಮುಕ್ತಿಯ ದಾರಿ ಎಂದು ಆಚಾರ್ಯರೇ ನಂಬಿದ್ದಾರೆ. ಅಂದರೆ ಕೊಡುವವರಿಗೂ ಇಲ್ಲಿ ಒಂದು ಲಾಭವಿದೆ. ಇಷ್ಟಾದ ಮೇಲೆ ಅಂಗಳದಿಂದ ಚಂದ್ರಿಯ ದನಿ ಕೇಳುತ್ತದೆ, ನಾರಣಪ್ಪ ಸತ್ತ ಸುದ್ದಿ ಬರುತ್ತದೆ, ಊಟ ನಿಲ್ಲುತ್ತದೆ. ಇಪ್ಪತ್ತು ವರ್ಷ ತಪ್ಪದ ಕ್ರಮ ಮುರಿದದ್ದು ಯಾರ ಬಾಯಿಂದ ಎಂದು ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೀಗೆ ಓದುವಾಗ ಕೇಳಬೇಕಾದ ಪ್ರಶ್ನೆ "ಇದರ ಅರ್ಥವೇನು" ಎಂಬುದಲ್ಲ. ಆ ಪ್ರಶ್ನೆ ಕೇಳಿದರೆ ತಲೆ ಖಾಲಿಯಾಗುತ್ತದೆ. "ಇಲ್ಲಿ ಇದೇ ಯಾಕೆ, ಇದರ ಬದಲು ಬೇರೆ ಏನಿರಬಹುದಿತ್ತು" ಎಂದು ಕೇಳಿ. ಕಾದಂಬರಿ ನೇರ ಸಾವಿನ ಸುದ್ದಿಯಿಂದಲೇ ಶುರುವಾಗಬಹುದಿತ್ತು. ಹಾಗಾಗಲಿಲ್ಲ ಎಂಬಲ್ಲಿಂದ ಬರೆಯಲು ವಿಷಯ ಸಿಗುತ್ತದೆ.

ಕನ್ನಡದ ಓದುಗರಿಗೆ ಇನ್ನೊಂದು ಉಪಕರಣ ಉಚಿತವಾಗಿ ಸಿಕ್ಕಿದೆ: ಏಕವಚನ, ಬಹುವಚನ. ಯಾರು ಯಾರನ್ನು ‘ನೀನು’ ಎನ್ನುತ್ತಾರೆ, ನಿರೂಪಣೆ ಯಾರ ಹೆಸರಿಗೆ ‘ಅವರು’ ಹಚ್ಚುತ್ತದೆ, ಜಗಳದಲ್ಲಿ ಬಹುವಚನ ಯಾವ ಸಾಲಿನಲ್ಲಿ ಜಾರಿ ಏಕವಚನಕ್ಕೆ ಬೀಳುತ್ತದೆ ಎಂದು ಗುರುತಿಸಿ. ಎಷ್ಟೋ ಕಡೆ ಸಂಬಂಧ ತಿರುಗಿದ ಕ್ಷಣ ಆ ಒಂದು ಪ್ರತ್ಯಯದಲ್ಲಿರುತ್ತದೆ. ಅನುವಾದದಲ್ಲಿ ಓದುವಾಗ ಮಾತ್ರ ಇದನ್ನು ನಂಬಬೇಡಿ, ಅಲ್ಲಿ ವಚನ ಅನುವಾದಕರ ಆಯ್ಕೆಯಾಗಿರಬಹುದು.

ಸಾಕ್ಷಿಗಳೆಲ್ಲ ಒಂದೇ ತೂಕದವಲ್ಲ

ಪಾತ್ರವೊಂದು ನಮಗೆ ತಿಳಿಯುವುದು ನಾಲ್ಕು ದಾರಿಯಿಂದ: ಅದು ಮಾಡುವುದು, ಅದು ಆಡುವುದು, ಬೇರೆಯವರು ಅದರ ಬಗ್ಗೆ ಆಡುವುದು, ನಿರೂಪಣೆ ಹೇಳುವುದು. ಮಾಡುವುದಕ್ಕೆ ತೂಕ ಹೆಚ್ಚು. ಆಡುವ ಮಾತನ್ನು ಯಾರೆದುರು ಆಡಿದ್ದು ಎಂದು ನೋಡಿಯೇ ತೂಗಬೇಕು. ಬೇರೆಯವರ ಮಾತಿನಲ್ಲಿ ಅವರ ಲಾಭನಷ್ಟವನ್ನು ಕಳೆದು ಉಳಿದದ್ದನ್ನು ಇಟ್ಟುಕೊಳ್ಳಬೇಕು.

ನಾರಣಪ್ಪ ಇದಕ್ಕೆ ಒಳ್ಳೆಯ ಪರೀಕ್ಷೆ, ಏಕೆಂದರೆ ಕಥೆ ಶುರುವಾಗುವಾಗಲೇ ಅವನು ಹೆಣ. ಅವನ ಬಗ್ಗೆ ಗೊತ್ತಾಗುವುದೆಲ್ಲ ಅಗ್ರಹಾರದವರ ದೂರು ಮತ್ತು ನೆನಪಿನಿಂದ. ಚಂದ್ರಿ ಸಂಸ್ಕಾರದ ಖರ್ಚಿಗೆಂದು ತನ್ನ ಬಂಗಾರ ಬಿಚ್ಚಿ ಇಡುವ ತನಕ ಅವನ ಹೆಣ ಯಾರಿಗೂ ಬೇಡ. ಬಂಗಾರ ಕಂಡ ಮೇಲೆ ಅದೇ ಜನರ ಮಾತಿನ ಧಾಟಿ ಬದಲಾಗುತ್ತದೆ. ಬಂಗಾರಕ್ಕೆ ಮೊದಲಿನ ಮಾತು, ಬಂಗಾರದ ನಂತರದ ಮಾತು ಎಂದು ಎರಡು ಪಟ್ಟಿ ಮಾಡಿದರೆ ನಾರಣಪ್ಪನಿಗಿಂತ ದೂರು ಹೇಳುವವರೇ ಹೆಚ್ಚು ಸ್ಪಷ್ಟವಾಗುತ್ತಾರೆ.

ನಿರೂಪಕ ಎಂದರೆ ಲೇಖಕ ಎಂದುಕೊಳ್ಳುವುದು ತೀರಾ ಸಾಮಾನ್ಯ ತಪ್ಪು. ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ನಲ್ಲಿ (1818) ನಾವಿಕ ವಾಲ್ಟನ್ ತನ್ನ ಸಹೋದರಿಗೆ ಪತ್ರ ಬರೆಯುತ್ತಾನೆ, ಇಡೀ ಕಥೆ ಆ ಪತ್ರಗಳ ಒಳಗಿದೆ. ಪತ್ರದೊಳಗೆ ವಿಕ್ಟರ್ ಹೇಳುವ ಕಥೆ, ಅದರೊಳಗೆ ಅವನು ಸೃಷ್ಟಿಸಿದ ಜೀವಿ ಹೇಳುವ ಕಥೆ. ಜೀವಿಯ ಮಾತು ನಮ್ಮನ್ನು ತಲುಪುವಷ್ಟರಲ್ಲಿ ಅದನ್ನು ದ್ವೇಷಿಸುವವನ ಬಾಯಿ ದಾಟಿ ಬಂದಿರುತ್ತದೆ. ಅಷ್ಟಾದರೂ ಅದು ನಮ್ಮ ಮನಸ್ಸು ಕಲಕುತ್ತದೆ ಎಂದರೆ ಆ ಸಾಕ್ಷ್ಯಕ್ಕೆ ತೂಕ ಹೆಚ್ಚಲೇಬೇಕು.

ಪಾತ್ರ ‘ಚಪ್ಪಟೆ’ಯೋ (ಒಂದೇ ಗುಣದ್ದೋ) ‘ದುಂಡ’ಗಿದೆಯೋ (ಹಲವು ಮುಖದ್ದೋ) ಎಂಬ ವಿಂಗಡಣೆಯನ್ನು ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ 1927ರಲ್ಲಿ ಕೊಟ್ಟರು. ನಂಬುವಂತೆ ನಮ್ಮನ್ನು ಬೆರಗುಗೊಳಿಸಬಲ್ಲುದೇ ಎಂಬುದು ಅವರ ಪರೀಕ್ಷೆ. ಉಪಯೋಗಕ್ಕೆ ಬರುತ್ತದೆ, ಆದರೆ ಚಪ್ಪಟೆ ಎನ್ನುವುದು ಬೈಗುಳವಲ್ಲ. ಹಾಸ್ಯಪಾತ್ರ ಚಪ್ಪಟೆಯಾಗಿದ್ದರೇ ಕೆಲಸ ಮಾಡುತ್ತದೆ.

ಉಪಪಾತ್ರ ಮತ್ತು ಮರುಕಳಿಸುವ ಸನ್ನಿವೇಶ

ಒಂದೇ ಸನ್ನಿವೇಶ ಎರಡು ಸಲ ಬಂದರೆ ಬಿಡಬೇಡಿ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರದಲ್ಲಿ ಚಾಮಯ್ಯ ಮೇಷ್ಟ್ರು ರಾಮಾಚಾರಿಯ ಪ್ರೀತಿಗೆ ಎರಡು ಸಲ ಅಡ್ಡ ನಿಲ್ಲುತ್ತಾರೆ. ಮೊದಲ ಸಲ ಅಲಮೇಲು. ಗುರುವಿನ ಮಾತಿಗೆ ಕಟ್ಟುಬಿದ್ದು ಅವನು ಅವಳನ್ನು ಬಿಟ್ಟುಕೊಡುತ್ತಾನೆ, ಆ ತ್ಯಾಗದ ಬೆಲೆಯನ್ನು ಅಲಮೇಲು ತೆರುತ್ತಾಳೆ. ಎರಡನೇ ಸಲ ಮಾರ್ಗರೆಟ್. ಈ ಸಲ ಅವನು ಬಗ್ಗುವುದಿಲ್ಲ. ಎರಡು ದೃಶ್ಯಗಳನ್ನು ಅಕ್ಕಪಕ್ಕ ಇಟ್ಟು ಯಾವ ಮಾತು ಮರುಕಳಿಸಿತು, ಯಾರು ಎಲ್ಲಿ ನಿಂತಿದ್ದರು, ಏನು ಬದಲಾಯಿತು ಎಂದು ಬರೆಯಿರಿ. "ರಾಮಾಚಾರಿ ಒರಟ, ಆದರೆ ಒಳ್ಳೆ ಹುಡುಗ" ಎನ್ನುವುದಕ್ಕಿಂತ ಬಹಳ ದೂರ ಹೋಗುತ್ತೀರಿ. ಮೇಷ್ಟ್ರ ಒಳ್ಳೆಯತನವೇ ಇಲ್ಲಿ ಪ್ರಶ್ನೆಯಾಗುತ್ತದೆ.

ಪದದಿಂದ ವಾಕ್ಯಕ್ಕೆ

ಜಾತಿ, ಪ್ರೀತಿ, ಅಧಿಕಾರ, ಒಂಟಿತನ: ಇವು ವಿಷಯಗಳು, ವಸ್ತು ಅಲ್ಲ. ಆ ವಿಷಯದ ಬಗ್ಗೆ ಕೃತಿ ಏನನ್ನುತ್ತದೆ ಎಂಬುದನ್ನು ಕ್ರಿಯಾಪದವಿರುವ ಒಂದು ಪೂರ್ಣ ವಾಕ್ಯದಲ್ಲಿ ಬರೆದಾಗ ವಸ್ತುವಿನ ಹತ್ತಿರ ಬರುತ್ತೀರಿ. ವಾಕ್ಯ ನೀತಿಬೋಧೆಯಂತೆ ಕೇಳಿಸಿದರೆ ಅನುಮಾನಪಡಿ. "ಜಾತಿ ಕೆಟ್ಟದ್ದು" ಎನ್ನಲು ಯಾರಿಗೂ ಕಾದಂಬರಿ ಬೇಕಾಗಿಲ್ಲ.

ಮೊದಲ ಪ್ರಯತ್ನ: "ಸಿದ್ಧ ಉತ್ತರಗಳು ಕೈಕೊಟ್ಟಾಗ ಮನುಷ್ಯ ತನ್ನ ಹೊಣೆಯನ್ನು ತಾನೇ ಹೊರಬೇಕಾಗುತ್ತದೆ ಎಂದು ‘ಸಂಸ್ಕಾರ’ ಹೇಳುತ್ತದೆ." ಆಯ್ಕೆಗಳ ಪಟ್ಟಿಗೆ ಇದು ಹೊಂದುತ್ತದೆ. ಇನ್ನು ಇದನ್ನು ಕೆಡವಲು ನೋಡಿ. ವಾಕ್ಯಕ್ಕೆ ಒಗ್ಗದ ಮೂರು ಸಂಗತಿ ಹುಡುಕಿ. ಮೊದಲನೆಯದು ಚಂದ್ರಿ. ಆಚಾರ್ಯರು ಇನ್ನೂ ಒದ್ದಾಡುತ್ತಿರುವಾಗಲೇ ಆಕೆ ಮುಸ್ಲಿಂ ವ್ಯಾಪಾರಿಯೊಬ್ಬನ ನೆರವಿನಿಂದ ರಾತ್ರಿಯೇ ಹೆಣ ಸುಡಿಸಿ ಹೊರಟುಹೋಗಿದ್ದಾಳೆ. ಓದುಗರಿಗೆ ಇದು ಗೊತ್ತು, ಆಚಾರ್ಯರಿಗೆ ಗೊತ್ತಿಲ್ಲ. ಹಾಗಾದರೆ ಈ ಹೊಣೆಯ ತಳಮಳ ಎಲ್ಲರದೋ, ಅಥವಾ ಅದಕ್ಕೆ ಪುರುಸೊತ್ತಿರುವವರದೋ? ಎರಡನೆಯದು ಕೊನೆ. ಆಚಾರ್ಯರು ಗಾಡಿಯಲ್ಲಿ ಹೊರಟದ್ದು ಕಾಣುತ್ತದೆ, ತಲುಪಿದ್ದು ಕಾಣುವುದಿಲ್ಲ. ಮೂರನೆಯದು ಶೀರ್ಷಿಕೆ: ಸಂಸ್ಕಾರ ಎಂದರೆ ಅಂತ್ಯಕ್ರಿಯೆಯೂ ಹೌದು, ತಿದ್ದಿ ರೂಪಿಸುವುದೂ ಹೌದು. ಹೆಣದ್ದು ಒಂದು, ಬದುಕಿರುವವರದು ಇನ್ನೊಂದು.

ಈ ಮೂರನ್ನು ಒಳಗೆ ಸೇರಿಸಿಕೊಂಡು ತಿದ್ದಿದರೆ: "ಹೆಣಕ್ಕೆ ಸಂಸ್ಕಾರ ಮಾಡುವುದು ಸುಲಭದ ಕೆಲಸ, ಅದನ್ನು ಚಂದ್ರಿ ಒಂದೇ ರಾತ್ರಿಯಲ್ಲಿ ಮುಗಿಸುತ್ತಾಳೆ, ಗ್ರಂಥದ ನೆರಳಲ್ಲಿ ಬದುಕಿದವನಿಗೆ ತನ್ನ ಸಂಸ್ಕಾರ ತಾನೇ ಮಾಡಿಕೊಳ್ಳುವುದು ಎಷ್ಟು ಕಷ್ಟ ಎಂದರೆ ಕಾದಂಬರಿ ಅದನ್ನು ಮುಗಿಸಿ ತೋರಿಸುವುದಿಲ್ಲ." ವಾಕ್ಯ ಉದ್ದವಾಯಿತು, ಪರವಾಗಿಲ್ಲ. ಇದು ಬೇರೆ ಯಾವ ಕಾದಂಬರಿಗೂ ಹೊಂದುವುದಿಲ್ಲ. ವಸ್ತುವಾಕ್ಯದ ಅಸಲಿ ಪರೀಕ್ಷೆ ಅದು: ಕೃತಿಯ ಹೆಸರು ಬದಲಿಸಿ ನೋಡಿ, ಇನ್ನೊಂದು ಕೃತಿಗೂ ಸರಿಹೋದರೆ ಮತ್ತೆ ಬರೆಯಿರಿ.

ಸಂಕೇತಗಳ ಬೇಟೆ

ಕಪ್ಪು ಎಂದರೆ ಸಾವು, ಮಳೆ ಎಂದರೆ ದುಃಖ ಎಂಬ ಕೋಷ್ಟಕವನ್ನು ಮರೆತುಬಿಡಿ. ಕೃತಿಯಲ್ಲಿ ಕಾಣುವ ಒಂದು ಪದಾರ್ಥ ಕನಿಷ್ಠ ಮೂರು ಸಲ, ಮೂರು ಬೇರೆ ಸನ್ನಿವೇಶಗಳಲ್ಲಿ ಬಂದಿದ್ದರೆ ಮಾತ್ರ ಹಿಂಬಾಲಿಸಿ. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ (1933) ದುಡಿ ಎಲ್ಲೆಲ್ಲಿ ಬರುತ್ತದೆ ಎಂದು ಗುರುತು ಹಾಕುತ್ತಾ ಹೋಗಿ. ಬೇಸಾಯ ಮಾಡುವ ಆಸೆಯನ್ನು ಹೇಳಿಕೊಳ್ಳಲು ಜಾಗವಿಲ್ಲದವನ ಸಿಟ್ಟು, ಸಂಕಟ ಎಲ್ಲ ಬಂದು ಸೇರುವುದು ಆ ಚರ್ಮವಾದ್ಯಕ್ಕೆ. ಆಮೇಲೆ ಅವನ ಜೋಡಿ ಎತ್ತುಗಳ ಪಟ್ಟಿ ಬೇರೆ ಮಾಡಿ. ಒಂದು ಅವನಲ್ಲಿ ಇರುವ ದನಿ, ಇನ್ನೊಂದು ಉಳಲು ನೆಲವಿಲ್ಲದೆ ನಿಂತ ಶಕ್ತಿ. ಎರಡು ಪಟ್ಟಿಗಳು ಕೊನೆಯಲ್ಲಿ ಕೂಡುವ ಜಾಗದಲ್ಲಿ ನಿಮ್ಮ ಪ್ರಬಂಧದ ಅತ್ಯುತ್ತಮ ಪ್ಯಾರಾ ಇದೆ.

ಸಿನಿಮಾ: ಮಾತು ಹೇಳದ್ದನ್ನು ಚೌಕಟ್ಟು ಹೇಳುತ್ತದೆ

ಸಿನಿಮಾದ ಬಗ್ಗೆ ಬರೆಯುವವರು ಸಂಭಾಷಣೆಯನ್ನೇ ಉದ್ಧರಿಸುತ್ತಾರೆ, ಏಕೆಂದರೆ ಅದನ್ನು ಬರೆದುಕೊಳ್ಳುವುದು ಸುಲಭ. ಮೂರು ನಿಮಿಷದ ಒಂದು ದೃಶ್ಯ ಆರಿಸಿ ಮೂರು ಸಲ ನೋಡಿ. ಮೊದಲು ಮಾಮೂಲಿಯಾಗಿ. ಆಮೇಲೆ ದನಿ ಪೂರ್ತಿ ಮುಚ್ಚಿ: ಯಾರು ಚೌಕಟ್ಟಿನ ನಡುವೆ, ಯಾರು ಅಂಚಿನಲ್ಲಿ, ಬೆಳಕು ಯಾರ ಮುಖಕ್ಕೆ, ಕ್ಯಾಮೆರಾ ಯಾರ ಜೊತೆ ಚಲಿಸುತ್ತದೆ. ಮೂರನೇ ಸಲ ತೆರೆ ನೋಡದೆ ಕೇಳಿ: ಸಂಗೀತ ಯಾವ ಮಾತಿನ ಮೇಲೆ ಶುರುವಾಯಿತು, ಎಲ್ಲಿ ನಿಂತಿತು. ಕೊನೆಗೆ ಶಾಟ್‌ಗಳನ್ನು (ಎರಡು ಕಟ್‌ಗಳ ನಡುವಿನ ತುಣುಕುಗಳನ್ನು) ಎಣಿಸಿ. ಒಬ್ಬರ ಮುಖದ ಮೇಲೆ ಕಟ್ ಇಲ್ಲದೆ ಹೆಚ್ಚು ಹೊತ್ತು ನಿಂತಿದ್ದರೆ ಆ ದೃಶ್ಯ ಅವರದು, ಮಾತು ಯಾರದೇ ಇರಲಿ.

‘ದಿ ಗಾಡ್‌ಫಾದರ್’ನ (1972) ಕೊನೆ ನೋಡಿ. ತಂಗಿಯ ಗಂಡನನ್ನು ಕೊಲ್ಲಿಸಿದ್ದು ನೀನೇನಾ ಎಂದು ಮಾಫಿಯಾ ಮನೆತನದ ಹೊಸ ಯಜಮಾನ ಮೈಕೆಲ್‌ನನ್ನು ಹೆಂಡತಿ ಕೇ ಕೇಳುತ್ತಾಳೆ, ಅವನು ಇಲ್ಲ ಎನ್ನುತ್ತಾನೆ. ಅವಳಿಗೆ ಸಮಾಧಾನವಾಗುತ್ತದೆ, ಪಾನೀಯ ತರಲು ಆಚೆ ಹೋಗುತ್ತಾಳೆ. ಅಲ್ಲಿಂದ ತಿರುಗಿ ನೋಡಿದರೆ ಬಾಗಿಲಿನ ಚೌಕಟ್ಟಿನೊಳಗೆ ಅವನ ಕೈಗೆ ಮುತ್ತಿಡುತ್ತಿರುವ ಜನ. ಒಬ್ಬ ಬಂದು ಬಾಗಿಲು ಮುಚ್ಚುತ್ತಾನೆ. ಬಾಯಿ ಹೇಳಿದ ‘ಇಲ್ಲ’ವನ್ನು ಬಾಗಿಲು ಸುಳ್ಳು ಮಾಡುತ್ತದೆ. ಬಾಗಿಲು ಮುಚ್ಚುವವನು ಮೈಕೆಲ್ ಅಲ್ಲ ಎಂಬುದನ್ನು ಎರಡನೇ ಕಾಲಂನಲ್ಲಿ ಬರೆದಿದ್ದೀರಾ? ಅವನು ಇನ್ನು ಮುಂದೆ ತನ್ನ ಕೈಯಾರೆ ಏನನ್ನೂ ಮಾಡಬೇಕಾಗಿಲ್ಲ. ಸಿನಿಮಾದ ಆರಂಭದ ಮದುವೆಯಲ್ಲಿ ಇದೇ ಕೇಗೆ, ಇದು ನನ್ನ ಮನೆಯವರ ರೀತಿ, ನಾನು ಹಾಗಲ್ಲ ಎಂದಿದ್ದವನು ಅವನು. ಮಾರಿಯೋ ಪೂಜೋ ಅವರ ಕಾದಂಬರಿ (1969) ಮುಗಿಯುವುದು ಬೇರೆ ಕಡೆ, ಚರ್ಚಿನಲ್ಲಿ ಗಂಡನಿಗಾಗಿ ಪ್ರಾರ್ಥಿಸುವ ಕೇ ಬಳಿ. ಅಲ್ಲಿ ಕೊನೆಯ ಕ್ರಿಯೆ ಅವಳದು, ಸಿನಿಮಾದಲ್ಲಿ ಅವಳು ಹೊರಗೆ ನಿಂತವಳು.

ಜನಪ್ರಿಯ ಸಿನಿಮಾದಲ್ಲಿ ಇನ್ನೆರಡು ಎಚ್ಚರ. ತಾರೆಯ ವರ್ಚಸ್ಸನ್ನು ಪಾತ್ರದ ಗುಣ ಎಂದುಕೊಳ್ಳಬೇಡಿ. ಬೇರೆ ನಟ ಇದೇ ಕೆಲಸ ಮಾಡಿದ್ದರೆ ಕ್ಷಮಿಸುತ್ತಿದ್ದೆನೇ ಎಂದು ಕೇಳಿಕೊಳ್ಳಿ. ಹಾಡುಗಳನ್ನು ಹಾರಿಸಬೇಡಿ, ಪಾತ್ರ ಮಾತಿನಲ್ಲಿ ಒಪ್ಪಿಕೊಳ್ಳದ ಆಸೆ ಅಲ್ಲಿ ಬಯಲಾಗುತ್ತದೆ.

ಕಾದಂಬರಿ ಸಿನಿಮಾ ಆದಾಗ

"ಪುಸ್ತಕವೇ ಚೆನ್ನ" ಎಂಬುದು ವಿಶ್ಲೇಷಣೆಯಲ್ಲ. ಸೇರಿಸಿದ್ದು, ತೆಗೆದದ್ದು, ಸ್ಥಳ ಬದಲಿಸಿದ್ದು ಎಂದು ಮೂರು ಪಟ್ಟಿ ಮಾಡಿ, ಒಂದೊಂದರಲ್ಲೂ ಅತಿ ದೊಡ್ಡದನ್ನು ಮಾತ್ರ ಇಟ್ಟುಕೊಳ್ಳಿ. ಶೆಲ್ಲಿಯ ಕಾದಂಬರಿಯಲ್ಲಿ ಜೀವಿ ಗೋಡೆಯಾಚೆಯ ಸಂಸಾರವೊಂದರ ಮಾತು ಕೇಳುತ್ತಾ ಭಾಷೆ ಕಲಿಯುತ್ತದೆ, ಕವಿ ಮಿಲ್ಟನ್‌ನನ್ನು ಓದುತ್ತದೆ, ವಾದ ಮಾಡುತ್ತದೆ. ಜೇಮ್ಸ್ ವೇಲ್ ಅವರ 1931ರ ಸಿನಿಮಾದಲ್ಲಿ ಅದಕ್ಕೆ ಮಾತಿಲ್ಲ. ಸೇರಿಸಿದ್ದು ಇನ್ನೂ ದೊಡ್ಡದು: ಸಹಾಯಕ ಒಳ್ಳೆಯ ಮಿದುಳಿನ ಜಾಡಿ ಬೀಳಿಸಿ, ಅಪರಾಧಿಯ ಮಿದುಳನ್ನು ಹೊತ್ತು ತರುತ್ತಾನೆ. ಕಾದಂಬರಿಯಲ್ಲಿ ಜೀವಿಯನ್ನು ಕ್ರೂರಿಯಾಗಿಸಿದ್ದು ಸೃಷ್ಟಿಕರ್ತ ಕೈಬಿಟ್ಟದ್ದು, ಜನ ಹೊಡೆದಟ್ಟಿದ್ದು. ಆ ಒಂದು ಜಾಡಿಯಿಂದ ತಪ್ಪು ಹುಟ್ಟಿನದಾಗುತ್ತದೆ, ಸೃಷ್ಟಿಕರ್ತನ ಹೆಗಲು ಹಗುರವಾಗುತ್ತದೆ. ಆದರೂ ಜೀವಿಯ ಪಾತ್ರ ಮಾಡಿದ ಬೋರಿಸ್ ಕಾರ್ಲಾಫ್ ಬೆಳಕಿನತ್ತ ಕೈ ಚಾಚುವ ದೃಶ್ಯ ಚಿತ್ರಕಥೆಯ ಆ ತೀರ್ಮಾನಕ್ಕೆ ಒಪ್ಪುವುದಿಲ್ಲ. ಹೀಗೆ ಕೃತಿಯೇ ತನ್ನೊಂದಿಗೆ ಜಗಳವಾಡುವ ಜಾಗ ಸಿಕ್ಕರೆ ಮುಚ್ಚಿಡಬೇಡಿ, ಅದನ್ನೇ ಬರೆಯಿರಿ.

ಬರೆಯುವಾಗ

ಸಾವಿರ ಪದದ ಪ್ರಬಂಧದಲ್ಲಿ ಕಥಾಸಾರ ಇನ್ನೂರು ಪದ ಮೀರಬಾರದು. ವಸ್ತುವಾಕ್ಯ ಮೊದಲ ಪ್ಯಾರಾದಲ್ಲಿರಲಿ. ಪ್ರತಿ ಪ್ಯಾರಾಕ್ಕೆ ಒಂದು ಆಯ್ಕೆ, ಅದರ ಬೆಲೆ, ಪುಟ ಅಥವಾ ನಿಮಿಷದ ಗುರುತಿರುವ ಒಂದು ಸಾಕ್ಷಿ. ವಾದಕ್ಕೆ ಒಗ್ಗದ ಸಂಗತಿಗೂ ಒಂದು ಪ್ಯಾರಾ ಕೊಡಿ. ಲೇಖಕರ ಜೀವನಚರಿತ್ರೆಯನ್ನು ಸಾಕ್ಷಿಯಾಗಿ ಎಳೆದುತರಬೇಡಿ, ಕೃತಿಯಲ್ಲಿ ಇಲ್ಲದ್ದನ್ನು ಅದು ತುಂಬಿಕೊಡಲಾರದು.

ಕರಡು ಮುಗಿದ ಮೇಲೆ ಪಾತ್ರಕ್ಕೆ ಹಚ್ಚಿದ ವಿಶೇಷಣಗಳಿಗೆಲ್ಲ ಗೆರೆ ಎಳೆಯಿರಿ. ಒಂದೊಂದನ್ನೂ ಅಳಿಸಿ ಆ ಜಾಗದಲ್ಲಿ ಪಾತ್ರ ಮಾಡಿದ ಕೆಲಸವನ್ನು ಬರೆಯಲು ನೋಡಿ. ಬರೆಯಲು ಕೆಲಸ ಸಿಗದಿದ್ದರೆ ಆ ವಿಶೇಷಣ ಕೃತಿಯಿಂದ ಬಂದದ್ದಲ್ಲ, ಮೂರನೇ ಕಾಲಂನಿಂದ ನುಸುಳಿದ್ದು. ಎರಡನೇ ಕಾಲಂಗೆ ಹಿಂತಿರುಗಿ, ಆ ಪುಟವನ್ನು ಇನ್ನೊಮ್ಮೆ ತೆರೆಯಿರಿ.